ಕೋನವೆಂದರೆ ಯಾವ ಕೋನ? ಪ್ರಶ್ನೆ ಕೇಳದ ಓದುಗನಿಗೊಂದು ತ್ರಿಕೋನಮಿತಿ ಕೈಪಿಡಿ



ಕೆಲವು ವಾರಗಳ ಹಿಂದೆ ಒಂದು ಭಾನುವಾರ, ಮಾಧಾಪುರದ ತಂತ್ರಾಂಶ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿರುವ ನನ್ನ ಮಗಳು ಮುದ್ರಿಸಿದ ಹಾಳೆಯೊಂದನ್ನು ನನ್ನ ಕೈಗಿತ್ತು, "ಅಪ್ಪಾ, ಇದನ್ನು ಓದಿ, ಎಲ್ಲೆಲ್ಲಿ ತಡವರಿಸುತ್ತೀಯೋ ಅಲ್ಲೆಲ್ಲ ಗುರುತು ಹಾಕಿಕೊಡು" ಎಂದಳು. ಅದು ತ್ರಿಕೋನಮಿತಿಯ ಲೆಕ್ಕ ಮಾಡುವ ಒಂದು ಗಣಕ ಉಪಕರಣದ ಕೈಪಿಡಿ. ನಾನಾದರೋ ಇತಿಹಾಸವನ್ನೂ ಕನ್ನಡ ಸಾಹಿತ್ಯವನ್ನೂ ಓದಿ ಬಿ.ಎ. ಪದವಿ ಪಡೆದು ಬ್ಯಾಂಕಿಗೆ ಸೇರಿದವನು. ಸೈನ್, ಕೊಸೈನುಗಳನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮರುದಿನವೇ ಬೀಳ್ಕೊಟ್ಟವನು. "ಇದಕ್ಕೆ ಗಣಿತ ಬಲ್ಲವರು ಬೇಕಲ್ಲವೇ?" ಎಂದು ಕೇಳಿದೆ. "ಬಲ್ಲವರೇ ಬರೆದದ್ದು. ಅವರಿಗೆ ಚೆನ್ನಾಗಿ ತಿಳಿದಿರುವುದನ್ನು ಅವರು ಬರೆಯುವುದೇ ಇಲ್ಲ. ಏನು ಬಿಟ್ಟುಹೋಗಿದೆ ಎಂಬುದು ತಿಳಿಯದವರಿಗೇ ಕಾಣುತ್ತದೆ" ಎಂಬುದು ಅವಳ ಉತ್ತರವಾಗಿತ್ತು. ಆ ಮಾತು ನನಗೆ ಹಿಡಿಸಿತು; ಕನ್ನಡಕ ಏರಿಸಿ ಕುಳಿತೆ.

ಹಾಳೆಯಲ್ಲಿದ್ದುದು ಇಷ್ಟೇ: "ಈ ಉಪಕರಣವು ತ್ರಿಕೋನಮಿತಿಯ ಬೆಲೆಗಳನ್ನು ಲೆಕ್ಕ ಹಾಕುತ್ತದೆ. ಕೊಡಬೇಕಾದದ್ದು: ಫಲನದ ಹೆಸರು ಮತ್ತು ಕೋನ. ದೊರೆಯುವುದು: ಒಂದು ಸಂಖ್ಯೆ." ಮೇಲ್ನೋಟಕ್ಕೆ ಇದರಲ್ಲಿ ಯಾವ ದೋಷವೂ ಇಲ್ಲ. ಆದರೆ ಈ ಕೈಪಿಡಿಯ ಓದುಗನು ಮನುಷ್ಯನಲ್ಲ, ಎಐ ಏಜೆಂಟ್ ಎಂಬ ತಂತ್ರಾಂಶ ಎಂದು ಮಗಳು ವಿವರಿಸಿದ ಮೇಲೆ, ಈ ಮೂರು ವಾಕ್ಯಗಳಲ್ಲಿ ಎಷ್ಟು ಹೊಂಡಗಳಿವೆ ಎಂಬುದು ಒಂದೊಂದಾಗಿ ತಿಳಿಯತೊಡಗಿತು. ಹಾಗೆ ತಿಳಿದುದನ್ನು ನಮ್ಮ ಸಂಘದ ಓದುಗರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಏಜೆಂಟ್ ಎಂದರೆ ಯಾರು?

ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಮೊದಲಾದ ಹೆಸರುಗಳನ್ನು ಈಗ ಕೇಳದವರಿಲ್ಲ. ಇವುಗಳ ಒಡಲಲ್ಲಿರುವುದು ಭಾಷಾ ಮಾದರಿ. ಅಪಾರ ಬರಹರಾಶಿಯನ್ನು ಅಭ್ಯಾಸ ಮಾಡಿ, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಅಂದಾಜಿಸುತ್ತ ಇದು ಉತ್ತರ ಕಟ್ಟುತ್ತದೆ. 30 ಡಿಗ್ರಿಯ ಸೈನ್ ಎಷ್ಟು ಎಂದರೆ 0.5 ಎಂದು ತಟ್ಟನೆ ಹೇಳೀತು, ಏಕೆಂದರೆ ಆ ಮಾತು ಸಾವಿರಾರು ಪುಸ್ತಕಗಳಲ್ಲಿದೆ. ಆದರೆ 29.25 ಡಿಗ್ರಿಯ ಸೈನ್ ಎಷ್ಟು ಎಂದರೆ ಕಂಠಪಾಠ ನೆರವಿಗೆ ಬಾರದು. ಆಗ ಅದು ಸರಿಯಾದ ಉತ್ತರದ ಹಾಗೆ ಕಾಣುವ ಒಂದು ಸಂಖ್ಯೆಯನ್ನು ಹೇಳಿಬಿಡುವ ಅಪಾಯವಿದೆ.

ಈ ಕೊರತೆಯನ್ನು ನೀಗಿಸಲು ಮಾದರಿಯ ಕೈಗೆ ಉಪಕರಣಗಳನ್ನು ಕೊಡುವ ಪದ್ಧತಿ ಬಂದಿತು. ಓಪನ್‌ಎಐ ಸಂಸ್ಥೆ 2023ರ ಜೂನ್ ತಿಂಗಳಲ್ಲಿ ತನ್ನ ಮಾದರಿಗಳಿಗೆ ಇಂತಹ ಸೌಲಭ್ಯವನ್ನು ಒದಗಿಸಿತು. ಬೇರೆ ಬೇರೆ ಉಪಕರಣಗಳನ್ನು ಒಂದೇ ರೀತಿಯಲ್ಲಿ ಜೋಡಿಸುವುದಕ್ಕಾಗಿ ಆಂತ್ರೊಪಿಕ್ ಸಂಸ್ಥೆ 2024ರ ನವೆಂಬರಿನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ನಿಯಮಾವಳಿಯನ್ನು ಪ್ರಕಟಿಸಿತು. ಕೆಲಸ ನಡೆಯುವ ಬಗೆ ಸರಳವಾಗಿದೆ. ಮಾದರಿಗೆ ಲಭ್ಯವಿರುವ ಉಪಕರಣಗಳ ಪಟ್ಟಿಯನ್ನು ಮೊದಲೇ ಓದಿಸಲಾಗುತ್ತದೆ. ಒಂದೊಂದಕ್ಕೂ ಒಂದು ಹೆಸರು, ಒಂದು ವಿವರಣೆ, ತುಂಬಬೇಕಾದ ಅಂಕಣಗಳು. ಬಳಕೆದಾರನ ಪ್ರಶ್ನೆ ಬಂದಾಗ ಮಾದರಿಯು ತಕ್ಕ ಉಪಕರಣವನ್ನು ಆರಿಸಿ, ನಾವು ಬ್ಯಾಂಕಿನಲ್ಲಿ ಚಲನ್ ತುಂಬುವಂತೆ, ಅಂಕಣಗಳನ್ನು ತುಂಬಿ ಕೊಡುತ್ತದೆ. ಬೇರೊಂದು ತಂತ್ರಾಂಶ ಆ ಲೆಕ್ಕವನ್ನು ನಿಜವಾಗಿ ಮಾಡಿ ಫಲಿತಾಂಶವನ್ನು ಹಿಂದಿರುಗಿಸುತ್ತದೆ. ಹೀಗೆ ಒಂದಾದ ಮೇಲೊಂದು ಉಪಕರಣವನ್ನು ಬಳಸುತ್ತ, ಕೊಟ್ಟ ಕೆಲಸವನ್ನು ಕೊನೆ ಮುಟ್ಟಿಸುವ ವ್ಯವಸ್ಥೆಗೆ ಏಜೆಂಟ್ ಎಂದು ಹೆಸರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಉಪಕರಣದ ಒಳಗೆ ಏನಿದೆ ಎಂಬುದು ಏಜೆಂಟಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಕಾಣುವುದು ಅದರ ವಿವರಣೆ ಮಾತ್ರ. ಪಕ್ಕದ ಮೇಜಿನವರನ್ನು ಕೇಳುವ ಅವಕಾಶ ಅದಕ್ಕಿಲ್ಲ. ಅನುಮಾನ ಬಂದರೆ ಫೋನು ಮಾಡುವ ಹಾಗೂ ಇಲ್ಲ. ಬರೆದಿರುವುದನ್ನು ನಂಬುತ್ತದೆ, ಬರೆಯದಿರುವುದನ್ನು ಊಹಿಸಿಕೊಳ್ಳುತ್ತದೆ.

'ಅವಧಿ' ಎಂಬ ಅಂಕಣ

ಈ ಮಾತನ್ನು ಕೇಳಿದೊಡನೆ ನನಗೆ ನೆನಪಾದುದು ಸುಮಾರು ಕಾಲು ಶತಮಾನದ ಹಿಂದಿನ ನನ್ನದೇ ಒಂದು ತಪ್ಪು. ಆಗ ನಾನು ಗಡಿಭಾಗದ ಒಂದು ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ಲೆಡ್ಜರುಗಳು ಮೂಲೆ ಸೇರಿ ಗಣಕಯಂತ್ರಗಳು ಬರುತ್ತಿದ್ದ ಕಾಲ. ನಿಶ್ಚಿತ ಠೇವಣಿಯ ಪರದೆಯಲ್ಲಿ 'ಅವಧಿ' ಎಂಬ ಅಂಕಣವಿತ್ತು. ಅದರ ಮುಂದೆ ವರ್ಷವೆಂದಾಗಲಿ ತಿಂಗಳೆಂದಾಗಲಿ ಬರೆದಿರಲಿಲ್ಲ. ಗಂಡನನ್ನು ಕಳೆದುಕೊಂಡಿದ್ದ ಒಬ್ಬ ತಾಯಿ ತನಗೆ ಬಂದ ಪರಿಹಾರದ ಹಣವನ್ನು ಮೂರು ವರ್ಷಕ್ಕೆ ಇಡಲು ಬಂದಿದ್ದರು. ನಾನು 3 ಎಂದು ತುಂಬಿದೆ. ಯಂತ್ರವು ಅದನ್ನು ಮೂರು ತಿಂಗಳು ಎಂದು ತಿಳಿಯಿತು. ಕೈಯಿಂದ ಬರೆದುಕೊಟ್ಟ ರಸೀದಿಯಲ್ಲಿ ಮೂರು ವರ್ಷವೆಂದೇ ಇತ್ತು. ಆದ್ದರಿಂದ ಯಾರಿಗೂ ಸಂಶಯ ಬರಲಿಲ್ಲ.

ಮೂರು ವರ್ಷ ಕಳೆದು, ಮಗಳ ಕಾಲೇಜಿನ ಶುಲ್ಕಕ್ಕೆಂದು ಆಕೆ ಹಣ ಪಡೆಯಲು ಬಂದಾಗ, ಲೆಕ್ಕದಲ್ಲಿ ಬಡ್ಡಿ ಮೂರು ತಿಂಗಳಿನದು ಮಾತ್ರ ಇತ್ತು. ಆಕೆ ಜಗಳವಾಡಲಿಲ್ಲ. ರಸೀದಿಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಂತರು. ಪತ್ರವ್ಯವಹಾರ ನಡೆದು ಬಾಕಿ ಬಡ್ಡಿ ಆಕೆಯ ಕೈಸೇರಿತಾದರೂ, ಅಷ್ಟರಲ್ಲಿ ಶುಲ್ಕ ಕಟ್ಟುವ ದಿನ ದಾಟಿಹೋಗಿತ್ತು. ಬೇರೆಯವರಿಂದ ಸಾಲ ತಂದು ಕಟ್ಟಿದರೆಂದು ಆಮೇಲೆ ತಿಳಿಯಿತು. ಅಂದು ಸಂಜೆ ನಾನು ಒಂದು ಚೀಟಿಯಲ್ಲಿ 'ಅವಧಿ: ತಿಂಗಳುಗಳಲ್ಲಿ ಮಾತ್ರ. ಮೂರು ವರ್ಷಕ್ಕೆ 36' ಎಂದು ಬರೆದು ಪರದೆಯ ಅಂಚಿಗೆ ಅಂಟಿಸಿದೆ. ಉಪಕರಣವೊಂದಕ್ಕೆ ನಾನು ಬರೆದ ಮೊದಲ ಕೈಪಿಡಿ ಅದೇ. ಮೂರು ವರ್ಷ ತಡವಾಗಿತ್ತು.

ಮಗಳು ಕೊಟ್ಟ ಹಾಳೆಯಲ್ಲಿ 'ಕೋನ' ಎಂಬ ಪದವನ್ನು ಕಂಡಾಗ ಆ 'ಅವಧಿ'ಯೇ ಕಣ್ಣ ಮುಂದೆ ಬಂದಿತು. "ಕೋನವೆಂದರೆ ಯಾವ ಅಳತೆಯಲ್ಲಿ?" ಎಂದು ಮೊದಲ ಗುರುತು ಹಾಕಿದೆ.

ಚಾರ್‌ಮಿನಾರ್ ಎಷ್ಟು ಎತ್ತರ?

ಕೋನಕ್ಕೆ ಎರಡು ಅಳತೆಗಳು ಬಳಕೆಯಲ್ಲಿವೆ. ಶಾಲೆಯಲ್ಲಿ ನಾವು ಕಲಿತದ್ದು ಡಿಗ್ರಿ. ಪೂರ್ಣ ವೃತ್ತಕ್ಕೆ 360. ಗಣಿತಜ್ಞರೂ ಬಹುತೇಕ ಗಣಕ ಭಾಷೆಗಳೂ ಬಳಸುವುದು ರೇಡಿಯನ್. ವೃತ್ತದ ತ್ರಿಜ್ಯದಷ್ಟೇ ಉದ್ದದ ಕಂಸವು ಕೇಂದ್ರದಲ್ಲಿ ಉಂಟುಮಾಡುವ ಕೋನ ಒಂದು ರೇಡಿಯನ್. ಅದು ಸುಮಾರು 57.3 ಡಿಗ್ರಿಗೆ ಸಮ. ಹೀಗಾಗಿ ಸೈನ್ 30 ಎಂದರೆ ಡಿಗ್ರಿಯಲ್ಲಿ 0.5, ರೇಡಿಯನ್ನಿನಲ್ಲಿ ಋಣ 0.988. ಪ್ರಶ್ನೆ ಒಂದೇ, ಉತ್ತರ ಎರಡು. ಎರಡೂ ತಮ್ಮ ತಮ್ಮ ನೆಲೆಯಲ್ಲಿ ಸರಿ.

ಇದರ ಅಪಾಯವನ್ನು ತಿಳಿಯಲು ನಮ್ಮ ಊರಿನದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಚಾರ್‌ಮಿನಾರಿನ ಎತ್ತರ ಸುಮಾರು 56 ಮೀಟರ್. ಅದರ ಬುಡದಿಂದ 100 ಮೀಟರ್ ದೂರದಲ್ಲಿ, ನೆಲಮಟ್ಟದಿಂದ ಮಿನಾರಿನ ತುದಿಯನ್ನು ನೋಡಿದರೆ ಉನ್ನತ ಕೋನ ಸುಮಾರು 29.25 ಡಿಗ್ರಿ ಬರುತ್ತದೆ. ದೂರವನ್ನು ಆ ಕೋನದ ಟ್ಯಾಂಜೆಂಟಿನಿಂದ ಗುಣಿಸಿದರೆ ಎತ್ತರ. ಡಿಗ್ರಿಯೆಂದು ತಿಳಿದು ಲೆಕ್ಕ ಮಾಡಿದರೆ 56 ಮೀಟರ್ ದೊರೆಯುತ್ತದೆ. ಉಪಕರಣವು 29.25ನ್ನು ರೇಡಿಯನ್ ಎಂದು ತಿಳಿದರೆ ದೊರೆಯುವುದು ಸುಮಾರು 148 ಮೀಟರ್!

ಪಥರ್‌ಗಟ್ಟಿಯಲ್ಲಿ ಓಡಾಡಿದವರಾರೂ ಈ ಉತ್ತರವನ್ನು ಒಪ್ಪರು. ಆದರೆ ಚಾರ್‌ಮಿನಾರನ್ನು ಕಣ್ಣಾರೆ ಕಾಣದವರಿಗೆ 148 ಮೀಟರ್ ಎಂಬುದು ಅಸಂಭವವೆಂದು ತೋರುವುದಿಲ್ಲ. ಅಷ್ಟು ಎತ್ತರದ ಕಟ್ಟಡಗಳು ಈ ನಗರದಲ್ಲೇ ಈಗ ಎದ್ದಿವೆ. ಎತ್ತರ ಋಣ ಸಂಖ್ಯೆಯಲ್ಲಿ ಬಂದಿದ್ದರೆ ಯಾರಾದರೂ ಎಚ್ಚರಗೊಳ್ಳುತ್ತಿದ್ದರು. ನಂಬಬಹುದಾದಂತೆ ಕಾಣುವ ತಪ್ಪೇ ಹೆಚ್ಚು ಅಪಾಯಕಾರಿ. ಇಂತಹ ಏಕಮಾನದ ಗೊಂದಲಕ್ಕೆ ದೊಡ್ಡವರೂ ಬಲಿಯಾಗಿದ್ದಾರೆ. 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳ ಗ್ರಹವನ್ನು ತಲುಪಿದ ಹೊತ್ತಿಗೆ ನಾಶವಾದುದು, ಒಂದು ತಂತ್ರಾಂಶವು ಪೌಂಡ್ ಲೆಕ್ಕದಲ್ಲಿ ಕೊಟ್ಟ ಬಲದ ಅಂಕಿಗಳನ್ನು ಇನ್ನೊಂದು ತಂತ್ರಾಂಶವು ನ್ಯೂಟನ್ ಲೆಕ್ಕವೆಂದು ತಿಳಿದದ್ದರಿಂದ.

ಸೂತ್ರವೂ ಭಾಷ್ಯವೂ

ತ್ರಿಕೋನಮಿತಿಯ ಉಪಕರಣಕ್ಕೆ ಕೈಪಿಡಿ ಬರೆಯುವ ಕೆಲಸ ಹೊಸತೇನಲ್ಲ ಎಂಬುದು ನನ್ನಂತಹ ಇತಿಹಾಸದ ವಿದ್ಯಾರ್ಥಿಗೆ ಸಮಾಧಾನದ ಸಂಗತಿ. ಕ್ರಿ.ಶ. 499ರಲ್ಲಿ ರಚಿತವಾದ 'ಆರ್ಯಭಟೀಯ'ದಲ್ಲಿ ಸೈನಿನ ಒಂದು ಇಡೀ ಕೋಷ್ಟಕವಿದೆ, ಅದೂ ಒಂದೇ ಪದ್ಯದಲ್ಲಿ. ವೃತ್ತದ ಕಾಲುಭಾಗವನ್ನು 24 ಸಮಭಾಗ ಮಾಡಿ, ಒಂದೊಂದು ಹೆಜ್ಜೆಗೂ ಜ್ಯಾ ಎಷ್ಟು ಹೆಚ್ಚುತ್ತದೆ ಎಂಬುದನ್ನು ಆರ್ಯಭಟನು ಕೊಟ್ಟಿದ್ದಾನೆ: 225, 224, 222, 219 ಎಂದು ಆರಂಭವಾಗಿ ಕೊನೆಯಲ್ಲಿ 22, 7. ಇಪ್ಪತ್ತನಾಲ್ಕನ್ನೂ ಕೂಡಿದರೆ 3438. ಅದು ವೃತ್ತದ ತ್ರಿಜ್ಯ.

ಆ ಪದ್ಯ ಓದಲು ಅರ್ಥವಿಲ್ಲದ ಅಕ್ಷರಗಳ ಸರದಂತೆ ಕಾಣುತ್ತದೆ, ಏಕೆಂದರೆ ಅಲ್ಲಿ ಅಕ್ಷರಗಳೇ ಅಂಕಿಗಳು. ಆದರೆ ಯಾವ ಅಕ್ಷರಕ್ಕೆ ಯಾವ ಬೆಲೆ ಎಂಬ ಕೀಲಿಯನ್ನು ಗ್ರಂಥದ ಆರಂಭದಲ್ಲಿಯೇ ಇಟ್ಟಿದ್ದಾನೆ. ಕೋಷ್ಟಕದ ಪದ್ಯದ ಕೊನೆಯಲ್ಲಿ, ಇವು ಅರ್ಧಜ್ಯಾಗಳು, ಅಳತೆ ಕಲೆಗಳಲ್ಲಿ, ಅಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗಗಳಲ್ಲಿ ಎಂದೂ ಹೇಳಿದ್ದಾನೆ. ಉಸಿರು ಬಿಡಲೂ ಜಾಗವಿಲ್ಲದ ಪದ್ಯದಲ್ಲಿ ಏಕಮಾನಕ್ಕೆ ಜಾಗವಿತ್ತು! ನಮ್ಮ ಆ ಹಾಳೆಯಲ್ಲಿ ಇರಲಿಲ್ಲ.

ಹಾಗಿದ್ದರೂ ಸೂತ್ರರೂಪದ ಗ್ರಂಥಕ್ಕೆ ಗುರು ಬೇಕು, ಭಾಷ್ಯ ಬೇಕು. 629ರಲ್ಲಿ ಒಂದನೆಯ ಭಾಸ್ಕರನು ಆರ್ಯಭಟೀಯಕ್ಕೆ ಭಾಷ್ಯ ಬರೆದನು. ಆತನ 'ಮಹಾಭಾಸ್ಕರೀಯ'ದಲ್ಲಿ, ಕೋಷ್ಟಕದ ನೆರವಿಲ್ಲದೆ ಸೈನ್ ಪಡೆಯುವ ಸೊಗಸಾದ ಉಪಾಯವೊಂದಿದೆ. ಕೋನದ ಡಿಗ್ರಿಯನ್ನು 180ರಲ್ಲಿ ಕಳೆದು, ಉಳಿದುದನ್ನು ಅದೇ ಕೋನದಿಂದ ಗುಣಿಸಿರಿ. ಆ ಗುಣಲಬ್ಧದ ನಾಲ್ಕರಷ್ಟನ್ನು, 40500ರಲ್ಲಿ ಅದೇ ಗುಣಲಬ್ಧವನ್ನು ಕಳೆದು ಬಂದ ಸಂಖ್ಯೆಯಿಂದ ಭಾಗಿಸಿರಿ. 30 ಡಿಗ್ರಿಗೆ ಪರೀಕ್ಷಿಸೋಣ: 30ನ್ನು 150ರಿಂದ ಗುಣಿಸಿದರೆ 4500, ಅದರ ನಾಲ್ಕರಷ್ಟು 18000, 40500ರಲ್ಲಿ 4500 ಕಳೆದರೆ 36000, ಭಾಗಿಸಿದರೆ ಸರಿಯಾಗಿ 0.5. 45 ಡಿಗ್ರಿಗೆ ಇದು 0.7059 ಎನ್ನುತ್ತದೆ; ನಿಜವಾದ ಬೆಲೆ 0.7071. ಸಾವಿರಕ್ಕೊಂದರಷ್ಟು ವ್ಯತ್ಯಾಸ. ಹದಿನಾಲ್ಕು ಶತಮಾನಗಳ ಹಿಂದಿನ ಸೂತ್ರವೆಂದರೆ ಕೈಮುಗಿಯಬೇಕೆನಿಸುತ್ತದೆ.

ಆದರೆ ಇದೇ ಸೂತ್ರಕ್ಕೆ 270 ಡಿಗ್ರಿ ಕೊಟ್ಟು ನೋಡಿರಿ. ಋಣ 1.5 ಎಂಬ ಉತ್ತರ ಬರುತ್ತದೆ. ಸೈನಿನ ಬೆಲೆ ಋಣ 1ಕ್ಕಿಂತ ಕೆಳಗಿಳಿಯಲು ಸಾಧ್ಯವೇ ಇಲ್ಲ. ತಪ್ಪು ಸೂತ್ರದ್ದಲ್ಲ, ಅದು 0ಯಿಂದ 180 ಡಿಗ್ರಿವರೆಗಿನ ಅರ್ಧವೃತ್ತಕ್ಕಾಗಿ ಹೇಳಿದ್ದು. ಅದರ ಆಚೆಗೆ ಬಳಸಬೇಕಾದರೆ ಕೋನವನ್ನು ಮೊದಲು ಆ ಮಿತಿಯೊಳಗೆ ತಂದು, ಧನ ಋಣಗಳನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಗುರುವಿನ ಎದುರು ಕುಳಿತ ಶಿಷ್ಯನಿಗೆ ಇದನ್ನು ಬರೆದುಕೊಡಬೇಕಾಗಿಲ್ಲ. ಗುರುವಿಲ್ಲದ ಏಜೆಂಟಿಗೆ ಬರೆದೇ ಕೊಡಬೇಕು. ನನ್ನ ಎರಡನೆಯ ಗುರುತು ಹೀಗೆ ಬಿದ್ದಿತು: "ಉಪಕರಣದ ಮಿತಿ ಎಲ್ಲಿಂದ ಎಲ್ಲಿಯವರೆಗೆ? ಮಿತಿ ಮೀರಿದರೆ ಏನು ಹೇಳುತ್ತದೆ?"

ಈ ಪ್ರಶ್ನೆಗೆ ಮಗಳು ಒಂದು ವಿಚಿತ್ರವನ್ನು ತೋರಿಸಿದಳು. 90 ಡಿಗ್ರಿಯ ಟ್ಯಾಂಜೆಂಟಿಗೆ ಬೆಲೆಯೇ ಇಲ್ಲ. ಆದರೆ ಗಣಕಯಂತ್ರವು 90 ಡಿಗ್ರಿಯನ್ನು ರೇಡಿಯನ್ನಿಗೆ ಪರಿವರ್ತಿಸುವಾಗ ದಶಮಾಂಶದ ಕೊನೆಯಲ್ಲಿ ಕೂದಲೆಳೆಯಷ್ಟು ಶೇಷ ಉಳಿದು, ಹದಿನೇಳು ಅಂಕಿಗಳ ಒಂದು ಬೃಹತ್ ಸಂಖ್ಯೆಯನ್ನು ಉತ್ತರವೆಂದು ಕೊಟ್ಟುಬಿಡುತ್ತದೆ. ಏಜೆಂಟ್ ಅದನ್ನೇ ಹಿಡಿದು ಮುಂದಿನ ಲೆಕ್ಕಕ್ಕೆ ಹೋಗಬಹುದು. ಆದ್ದರಿಂದ ಇಂತಹ ಕಡೆ ಸಂಖ್ಯೆಯ ಬದಲು 'ಬೆಲೆ ಇಲ್ಲ' ಎಂಬ ಸ್ಪಷ್ಟ ಮಾತು ಹಿಂದಿರುಗುವಂತೆ ಉಪಕರಣವನ್ನೇ ತಿದ್ದಿ, ಅದನ್ನು ಕೈಪಿಡಿಯಲ್ಲಿಯೂ ಹೇಳಬೇಕಾಯಿತು.

ಸೈನ್ ಎಂಬ ಹೆಸರಿನ ಕಥೆಯೂ ಇಲ್ಲಿ ನೆನಪಾಗತಕ್ಕದ್ದು. ಬಿಲ್ಲಿನ ಹೆದೆ ಎಂಬ ಅರ್ಥದ ನಮ್ಮ 'ಜ್ಯಾ', 'ಜೀವಾ' ಎಂಬ ರೂಪದಿಂದ ಅರಬ್ಬೀ ಭಾಷೆಗೆ ಹೋಗಿ 'ಜೀಬ' ಆಯಿತು. ಸ್ವರಚಿಹ್ನೆಗಳಿಲ್ಲದೆ ಬರೆಯುವ ಆ ಲಿಪಿಯಲ್ಲಿ ಮುಂದಿನವರು ಅದನ್ನು 'ಜೈಬ್' ಎಂದು ಓದಿದರು. ಎಂದರೆ ಮಡಿಲು, ಉಡುಪಿನ ಮಡಿಕೆ. ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್ ಅನುವಾದಕರು ಆ ಅರ್ಥಕ್ಕೆ ತಕ್ಕಂತೆ 'ಸೈನಸ್' ಎಂದರು. ಹೆದೆ ಹೋಗಿ ಮಡಿಲು ಬಂದಿತು! ಹೆಸರು ಹೀಗೆ ದಾರಿ ತಪ್ಪಿದರೂ ಗಣಿತ ಕೆಡಲಿಲ್ಲ, ಏಕೆಂದರೆ ಹೆಸರಿನ ಜೊತೆಗೆ ಬೆಲೆಗಳ ಕೋಷ್ಟಕವೂ ಪ್ರಯಾಣ ಮಾಡಿತ್ತು. ಪದವನ್ನು ತಪ್ಪಾಗಿ ಓದಿದವನೂ 30 ಡಿಗ್ರಿಗೆ ತ್ರಿಜ್ಯದ ಅರ್ಧ ಎಂಬುದನ್ನು ತಪ್ಪಾಗಿ ಓದಲಾರ. ಕೈಪಿಡಿಯಲ್ಲಿ ಒಂದೆರಡು ಉದಾಹರಣೆಗಳು ಇರಲೇಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಮೂರನೆಯ ಗುರುತು ಅದು.

ಹೈದರಾಬಾದಿನ ತ್ರಿಕೋನಗಳು

ನಾವು ವಾಸಿಸುತ್ತಿರುವ ಈ ನಗರಕ್ಕೂ ತ್ರಿಕೋನಮಿತಿಗೂ ಹಳೆಯ ನಂಟಿದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆಯನ್ನು ಅಳೆದು ಆರಂಭಿಸಿದ ಭೂಮಾಪನ, 1818ರಿಂದ 'ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣ' ಎಂಬ ಹೆಸರು ಪಡೆಯಿತು. ಆ ವರ್ಷದ ಕೊನೆಯಲ್ಲಿ ಜಾರ್ಜ್ ಎವರೆಸ್ಟ್ ಹೈದರಾಬಾದಿಗೆ ಬಂದು ಲ್ಯಾಂಬ್ಟನ್ನನ ಸಹಾಯಕನಾಗಿ ಸೇರಿದನು. ಮರುವರ್ಷ ಕೃಷ್ಣಾ ಗೋದಾವರಿಗಳ ನಡುವಿನ ಕಾಡುಗಳಲ್ಲಿ ಅಳತೆ ಮಾಡುವಾಗ ಜ್ವರಕ್ಕೆ ತುತ್ತಾಗಿ, ಚೇತರಿಸಿಕೊಳ್ಳಲು ಆಫ್ರಿಕದ ಗುಡ್ ಹೋಪ್ ಭೂಶಿರಕ್ಕೆ ಹೋಗಬೇಕಾಯಿತು. ಲ್ಯಾಂಬ್ಟನ್ 1823ರ ಜನವರಿಯಲ್ಲಿ ಹೈದರಾಬಾದಿನಿಂದ ನಾಗಪುರದ ಕಡೆಗೆ ಹೋಗುತ್ತಿದ್ದಾಗ ಹಿಂಗನಘಾಟಿನಲ್ಲಿ ತೀರಿಕೊಂಡನು. ಇಂದಿಗೂ ಭಾರತೀಯ ಸರ್ವೇಕ್ಷಣ ಇಲಾಖೆಯ ತರಬೇತಿ ಸಂಸ್ಥೆ ಇರುವುದು ನಮ್ಮ ಉಪ್ಪಲ್‌ನಲ್ಲಿ.

ಆ ಸರ್ವೇಕ್ಷಣದ ತತ್ತ್ವ ಹೀಗಿದೆ. ನೆಲದ ಮೇಲೆ ಒಂದು ರೇಖೆಯನ್ನು ಮಾತ್ರ ಸರಪಳಿ ಹಿಡಿದು ಅಳೆಯುವುದು. ಅದರ ಎರಡೂ ತುದಿಗಳಿಂದ ದೂರದ ಒಂದು ಬಿಂದುವಿನ ಕೋನಗಳನ್ನು ನೋಡುವುದು. ತ್ರಿಕೋನದ ಉಳಿದೆರಡು ಭುಜಗಳನ್ನು ಸೈನುಗಳ ಲೆಕ್ಕದಿಂದ ಪಡೆಯುವುದು. ಹಾಗೆ ಪಡೆದ ಭುಜವೇ ಮುಂದಿನ ತ್ರಿಕೋನಕ್ಕೆ ಆಧಾರ. ಹೀಗೆ ತ್ರಿಕೋನಕ್ಕೆ ತ್ರಿಕೋನ ಪೋಣಿಸುತ್ತ ದೇಶವನ್ನೇ ಅಳೆದರು. ಇದರಲ್ಲಿ ಒಂದು ಕಂಟಕವಿದೆ: ಮೊದಲ ತ್ರಿಕೋನದ ತಪ್ಪು ಎರಡನೆಯದಕ್ಕೆ, ಎರಡನೆಯದರದ್ದು ಮೂರನೆಯದಕ್ಕೆ ದಾಟುತ್ತ ಹೋಗುತ್ತದೆ.

ಏಜೆಂಟಿನ ಕೆಲಸವೂ ಇದೇ ಜಾಡಿನದು. ಒಂದು ಉಪಕರಣದ ಉತ್ತರವನ್ನು ಇನ್ನೊಂದು ಉಪಕರಣಕ್ಕೆ ಉಣಿಸುತ್ತದೆ. ಚಾರ್‌ಮಿನಾರ್ 148 ಮೀಟರ್ ಎಂದು ಒಂದು ಹಂತದಲ್ಲಿ ಬಂದರೆ, ಅದರ ನೆರಳಿನ ಉದ್ದ, ಬೇಕಾಗುವ ಏಣಿಯ ಅಳತೆ, ಬಣ್ಣದ ಖರ್ಚು ಎಲ್ಲವೂ ಆ ತಪ್ಪಿನ ಮೇಲೆಯೇ ನಿಲ್ಲುತ್ತವೆ. ಕೊನೆಯ ಉತ್ತರ ಓದುವವರಿಗೆ ಮೊದಲ ತಪ್ಪು ಕಾಣುವುದೇ ಇಲ್ಲ.

ಲ್ಯಾಂಬ್ಟನ್ ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ, ಬಹುದೂರ ಸಾಗಿದ ಮೇಲೆ ಮತ್ತೊಂದು ರೇಖೆಯನ್ನು ನೆಲದ ಮೇಲೆಯೇ ಅಳೆದು, ಲೆಕ್ಕದಿಂದ ಬಂದ ಉದ್ದದೊಡನೆ ಹೋಲಿಸುವುದು. 1804ರಲ್ಲಿ ಬೆಂಗಳೂರಿನ ಬಳಿ ಹೀಗೆ ಪರೀಕ್ಷಿಸಿದಾಗ, ಸುಮಾರು ಏಳು ಮೈಲಿಯ ರೇಖೆಯಲ್ಲಿ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕೂ ಕಡಿಮೆ! ಮದರಾಸಿನಿಂದ ಬೆಂಗಳೂರಿನವರೆಗೆ ಬರೇ ಕೋನಗಳನ್ನು ನಂಬಿ ಬಂದವರಿಗೆ ಅದೊಂದು ದೊಡ್ಡ ಭರವಸೆ. 1815ರಲ್ಲಿ ನಮ್ಮ ಬೀದರಿನ ಸಮೀಪವೂ ಇಂತಹ ಆಧಾರರೇಖೆಯೊಂದನ್ನು ಅಳೆದರು. ಕೈಪಿಡಿಯಲ್ಲಿ ಕೊಡುವ ಉದಾಹರಣೆಗಳು ಏಜೆಂಟಿಗೆ ಇಂತಹ ಪರೀಕ್ಷಾರೇಖೆಗಳೇ ಸರಿ. ತಾನು ತುಂಬಿದ ಅಂಕಣ ಸರಿಯೇ ಎಂದು ಅವುಗಳೊಡನೆ ಹೋಲಿಸಿಕೊಳ್ಳಬಹುದು.

ಲೆಕ್ಕದ ಕೆಲಸಕ್ಕೆಂದೇ ಆ ಇಲಾಖೆಯಲ್ಲಿ ಮನುಷ್ಯರಿದ್ದರು. ಅವರ ಹುದ್ದೆಯ ಹೆಸರೇ ಕಂಪ್ಯೂಟರ್. ಅವರಲ್ಲಿ ಮುಖ್ಯನಾದವನು ರಾಧಾನಾಥ ಸಿಕ್ದಾರ್. ಎವರೆಸ್ಟ್ ಶಿಖರದ ಎತ್ತರದ ಲೆಕ್ಕದೊಡನೆ ಆತನ ಹೆಸರು ಸೇರಿಕೊಂಡಿದೆ. ಆತ ಕೈಪಿಡಿಯನ್ನೂ ಬರೆದವನೆಂಬುದು ಅಷ್ಟಾಗಿ ತಿಳಿದಿಲ್ಲ. ಭಾರತದ ಭೂಮಾಪನ ಕುರಿತು 1851ರಲ್ಲಿ ಪ್ರಕಟವಾದ ಸರ್ಕಾರಿ ಕೈಪಿಡಿಯ ಗಣಿತ ಭಾಗಗಳಲ್ಲಿ ಆತನ ಪಾಲು ದೊಡ್ಡದಿತ್ತು, ಮುನ್ನುಡಿಯಲ್ಲಿ ಅದನ್ನು ಸ್ಮರಿಸಲಾಗಿತ್ತು. ಆತ ತೀರಿಕೊಂಡ ಮೇಲೆ, 1875ರ ಮೂರನೆಯ ಮುದ್ರಣದಲ್ಲಿ ಆ ಸ್ಮರಣೆಯನ್ನು ಕೈಬಿಟ್ಟರು. ಕೈಪಿಡಿ ಬರೆದವರ ಹೆಸರು ಉಳಿಯುವುದು ಅಪರೂಪ. ಅವರು ಬರೆದದ್ದನ್ನು ನಂಬಿ ಲೆಕ್ಕ ಮಾಡಿದವರ ಉತ್ತರಗಳಲ್ಲಿ ಮಾತ್ರ ಅವರು ಉಳಿದಿರುತ್ತಾರೆ.

ತಿದ್ದಿದ ಹಾಳೆ

ನನ್ನ ಗುರುತುಗಳನ್ನೆಲ್ಲ ಸೇರಿಸಿ ನಾನೇ ಒಂದು ಕರಡು ಬರೆದುಕೊಟ್ಟೆ. ಮೂರು ಪುಟವಾಗಿತ್ತು. ಮಗಳು ನಕ್ಕು, ಮುಕ್ಕಾಲು ಪಾಲನ್ನು ಹೊಡೆದುಹಾಕಿದಳು. ಏಜೆಂಟ್ ಒಂದು ಬಾರಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಬಲ್ಲ ಬರಹಕ್ಕೆ ಮಿತಿಯಿದೆಯಂತೆ. ಪ್ರತಿಯೊಂದು ಉಪಕರಣದ ವಿವರಣೆಯೂ ಆ ಜಾಗವನ್ನು ತಿನ್ನುತ್ತದೆ, ಓದಿದಷ್ಟೂ ಖರ್ಚು. ಹಾಗಾದರೆ ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು? ಅವಳು ಹೇಳಿದ ಮಾನದಂಡ ನನಗೆ ಬಹಳ ಇಷ್ಟವಾಯಿತು. "ಸೈನ್ ಎಂದರೇನು ಎಂದು ಅದಕ್ಕೆ ಗೊತ್ತು, ಅದನ್ನು ಬರೆಯಬೇಡ. ನಮ್ಮ ಉಪಕರಣವು ಸೈನನ್ನು ಹೇಗೆ ಕೇಳುತ್ತದೆ ಎಂದು ಅದಕ್ಕೆ ಗೊತ್ತಿಲ್ಲ, ಅದನ್ನು ಬಿಡಬೇಡ." ಕೊನೆಗೆ ಉಳಿದುದರ ಸಾರಾಂಶ ಹೀಗಿದೆ:

1. ಯಾವಾಗ ಬಳಸಬೇಕು: ಸೈನ್, ಕೊಸೈನ್, ಟ್ಯಾಂಜೆಂಟ್ ಅಥವಾ ಅವುಗಳ ವಿಲೋಮಗಳ ಬೆಲೆ ಬೇಕಾದಾಗ. ನೆನಪಿನಿಂದ ಉತ್ತರ ಹೇಳಬಾರದು.

2. ಕೋನ: ಒಂದು ದಶಮಾಂಶ ಸಂಖ್ಯೆ. 29 ಡಿಗ್ರಿ 15 ಮಿನಿಟು ಎಂದರೆ 29.25, 29.15 ಅಲ್ಲ.

3. ಏಕಮಾನ: 'ಡಿಗ್ರಿ' ಅಥವಾ 'ರೇಡಿಯನ್' ಎಂದು ತುಂಬುವುದು ಕಡ್ಡಾಯ. ಬಿಟ್ಟರೆ ಲೆಕ್ಕ ನಡೆಯುವುದಿಲ್ಲ. ಪ್ರಶ್ನೆಯಿಂದ ಏಕಮಾನ ತಿಳಿಯದಿದ್ದರೆ ಊಹಿಸದೆ ಬಳಕೆದಾರರನ್ನು ಕೇಳಬೇಕು.

4. ಮಿತಿ: 90 ಡಿಗ್ರಿ, 270 ಡಿಗ್ರಿ ಮೊದಲಾದ ಕಡೆ ಟ್ಯಾಂಜೆಂಟಿಗೆ 'ಬೆಲೆ ಇಲ್ಲ' ಎಂದು ಬರುತ್ತದೆ. ವಿಲೋಮ ಸೈನ್, ವಿಲೋಮ ಕೊಸೈನುಗಳಿಗೆ ಋಣ 1ರಿಂದ 1ರವರೆಗಿನ ಸಂಖ್ಯೆ ಮಾತ್ರ. ಇವು ಯಂತ್ರದ ಕೆಡುಕಲ್ಲ. ಮತ್ತೆ ಮತ್ತೆ ಪ್ರಯತ್ನಿಸಬೇಕಾಗಿಲ್ಲ.

5. ವಿಲೋಮ ಟ್ಯಾಂಜೆಂಟ್: ಋಣ 90ರಿಂದ 90 ಡಿಗ್ರಿಯೊಳಗಿನ ಕೋನ ಬರುತ್ತದೆ. 45 ಡಿಗ್ರಿಗೂ 225 ಡಿಗ್ರಿಗೂ ಟ್ಯಾಂಜೆಂಟ್ 1 ಆದುದರಿಂದ, ದಿಕ್ಕು ಬೇಕಾದಲ್ಲಿ ಇದೊಂದನ್ನೇ ನಂಬಬಾರದು.

6. ಪರೀಕ್ಷೆ: ಸೈನ್, 30, ಡಿಗ್ರಿ ಎಂದರೆ 0.5. ಸೈನ್, 30, ರೇಡಿಯನ್ ಎಂದರೆ ಋಣ 0.988.

ಮೂರನೆಯ ಅಂಶದ ಬಗ್ಗೆ ಮಗಳ ಸಹೋದ್ಯೋಗಿಗಳು ತಕರಾರು ತೆಗೆದರಂತೆ. ಏಕಮಾನ ತುಂಬದಿದ್ದರೆ ರೇಡಿಯನ್ ಎಂದೇ ತಿಳಿಯಲಿ, ಎಲ್ಲ ಗಣಕ ಭಾಷೆಗಳಲ್ಲೂ ಹಾಗೆಯೇ ಇದೆಯಲ್ಲ ಎಂದು. ನಾನು ಆ ತಾಯಿಯ ಕಥೆಯನ್ನು ಅವಳಿಗೆ ಹೇಳಿದ್ದೆ. ಅವಳು ಅದನ್ನು ಅವರಿಗೆ ಹೇಳಿದಳಂತೆ. 'ಕಡ್ಡಾಯ' ಎಂಬ ಪದ ಉಳಿಯಿತು.

ಕನ್ನಡದಲ್ಲಿ ಕೇಳುವವರಿಗಾಗಿ

ಕೊನೆಯದಾಗಿ ನಾನು ಸೇರಿಸಿದ ಒಂದು ಸಾಲು ನಮ್ಮ ಓದುಗರಿಗೆ ನೇರವಾಗಿ ಸಂಬಂಧಿಸಿದ್ದು. ಏಜೆಂಟನ್ನು ನಾಳೆ ಬೀದರಿನ ಒಬ್ಬ ಶಾಲಾ ಬಾಲಕಿಯೋ, ಹೊಲದ ಬದುವಿನಲ್ಲಿರುವ ಭೂಮಾಪಕನೋ ಕನ್ನಡದಲ್ಲಿಯೇ ಕೇಳುವರು. '೩೦ ಡಿಗ್ರಿ' ಎಂದು ಕನ್ನಡ ಅಂಕಿಗಳಲ್ಲಿ ಬರೆಯಬಹುದು. 'ಮೂವತ್ತು ಅಂಶ' ಎನ್ನಬಹುದು. ಉಪಕರಣಕ್ಕೆ ಅಂಕಣ ತುಂಬಿ ಕೊಡುವ ಜೇಸನ್ ಎಂಬ ಲಿಪಿಕ್ರಮದಲ್ಲಾದರೋ ಸಂಖ್ಯೆಗಳನ್ನು 0ಯಿಂದ 9ರವರೆಗಿನ ಅಂಕಿಗಳಲ್ಲಿಯೇ ಬರೆಯಬೇಕು. ಕನ್ನಡ ಅಂಕಿಗಳನ್ನು ಅದು ಸಂಖ್ಯೆಯೆಂದು ಸ್ವೀಕರಿಸುವುದಿಲ್ಲ. ಆದ್ದರಿಂದ 'ಯಾವ ಲಿಪಿಯ ಅಂಕಿಯಲ್ಲಿ ಕೇಳಿದರೂ ಮೊದಲು ಪರಿವರ್ತಿಸಿ ತುಂಬು. ಅಂಶ, ಡಿಗ್ರಿ ಎರಡೂ ಒಂದೇ ಎಂದು ತಿಳಿ' ಎಂಬ ಸೂಚನೆಯನ್ನು ಏಳನೆಯದಾಗಿ ಬರೆಸಿದೆ. ಅದು ಇಲ್ಲದಿದ್ದರೆ, ಕನ್ನಡದಲ್ಲಿ ಕೇಳಿದ ಕಾರಣಕ್ಕೇ ಆ ಬಾಲಕಿಯ ಲೆಕ್ಕ ನಿಂತುಹೋಗುವ ಸಾಧ್ಯತೆಯಿತ್ತು.

ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದುದು ಇಂತಹ ಅಡ್ಡಿ ಬಾರದಿರಲೆಂದೇ ಇರಬೇಕು. ಲೆಕ್ಕ ಬೇಕಾದವನು ತನ್ನ ಮಾತಿನಲ್ಲಿಯೇ ಅದನ್ನು ಪಡೆಯುವಂತಾಗಬೇಕು.

ಈಗ ಆ ಕೈಪಿಡಿ ಬಳಕೆಗೆ ಬಂದಿದೆಯೆಂದು ಮಗಳು ಹೇಳಿದಳು. ಅದನ್ನು ಓದುವ ಏಜೆಂಟ್ ನನ್ನನ್ನು ಎಂದೂ ಕಾಣದು. ಅದರ ಉತ್ತರವನ್ನು ಪಡೆಯುವವರಿಗೂ ಈ ಹಾಳೆಯ ವಿಷಯ ತಿಳಿಯದು. ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ಇಂತಹ ಸಂಸ್ಥೆಗಳಲ್ಲಿ ದುಡಿಯುತ್ತಿರುವವರು, ಇಲ್ಲವೇ ಅಂತಹವರ ತಂದೆ ತಾಯಂದಿರು. ನಿಮ್ಮ ಮನೆಯ ಮಕ್ಕಳು ಯಾವುದಾದರೂ ಉಪಕರಣಕ್ಕೆ ವಿವರಣೆ ಬರೆಯುತ್ತಿದ್ದರೆ, ಒಮ್ಮೆ ಆ ಹಾಳೆಯನ್ನು ಕೇಳಿ ಪಡೆದು ಓದಿರಿ. ವಿಷಯ ತಿಳಿಯದಿದ್ದರೂ ಸಂಕೋಚ ಬೇಡ. ಸಂಖ್ಯೆ ಬರೆಯಬೇಕಾದ ಪ್ರತಿಯೊಂದು ಅಂಕಣದ ಮುಂದೆಯೂ ಬೆರಳಿಟ್ಟು 'ಯಾವ ಅಳತೆಯಲ್ಲಿ?' ಎಂದು ಕೇಳಿದರೆ ಸಾಕು.